ಕಾಲುವೆಯ ಮೇಲಿನ ಮಂದಿ

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಯಮನಮ್ಮ ಹಗ್ಗ ಬಿಟ್ಟು ಓಡಿಹೋಗಿ ಮೈದುನನ ಹೆಗಲ ಮೇಲಿನ ವಲ್ಲಿ ಹಿಡಿದಳು. ಗಂಡ ಮೈಲಾರಲಿಂಗಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಓಣಿಯ ಒಬ್ಬರೂ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

"ಮಾನಪ್ಪ, ನಿಮ್ಮಣ್ಣ ಅದಾನಪ್ಪ ಒಳಗ. ನಾಕು ಮಂದಿ ಬಂದ್ರ ಸಾಕು."

"ಕಾಲುವಿ ಕೆಳಗಿನವರ ಸಲುವಾಗಿ ನಮ್ಮ ಕಡಿಂದ ಓಟು ಹಾಕಿಸಿದಾವ ಅವ. ಅವರ್ನ ಕರಿ ಹೋಗು, ಅತ್ತಿಗಿ. ಇವತ್ತು ಓಟಿನ ದಿನ, ನಮಗ ಪುರಸೊತ್ತಿಲ್ಲ."

ಮಾನಪ್ಪ ವಲ್ಲಿ ಬಿಡಿಸಿಕೊಂಡು ನಡೆದ.

* * *

ಕಾಲುವೆ ಬಂದ ಮೇಲೆ ಆ ಸೀಮೆ ಎರಡಾಗಿತ್ತು. ಕೆಳಗೆ ಸಿಂಧನೂರಿನ ಕಡೆ ನೀರು, ಭತ್ತ, ವಲಸೆ ಬಂದವರ ಹೊಸ ಕ್ಯಾಂಪುಗಳು. ಅಲ್ಲಿಯವರೆಲ್ಲ ಗದ್ದುಗೆಯಲ್ಲಿದ್ದ ಶಾಸಕನ ಕಡೆ. ಮೇಲೆ ಮಸ್ಕಿಯ ಕಡೆ ಅದೇ ಜೋಳ, ಅದೇ ಒಣಹೊಲ. ಅವರಿಗೆ ಆ ಶಾಸಕನ ಹೆಸರೆತ್ತಿದರೆ ಆಗದು. ಮೇಲಿನವರ ಸುಡುಗಾಡು ಮಾತ್ರ ಕಾಲುವೆಯ ಆಚೆ, ಕೆಳಗಿನ ಬದಿಯಲ್ಲಿ ಉಳಿದಿತ್ತು.

ಹಿಂದಿನ ಚುನಾವಣೆಯಲ್ಲಿ ಶಾಸಕನ ಬಂಟ ಅಮರಗುಂಡಪ್ಪ, "ನಿಮ್ಮ ಹೊಲಕ್ಕೂ ನೀರು ಎತ್ತಿಸಿ ಕೊಡ್ತೀವಿ" ಎಂದಿದ್ದ. ಮೈಲಾರಲಿಂಗಪ್ಪ ನಂಬಿದ. ಮನೆಮನೆಗೆ ಹೋಗಿ ಕಾಲು ಹಿಡಿದ. ಓಣಿಗೆ ಓಣಿಯೇ ಅವನ ಮಾತಿಗೆ ಓಟು ಹಾಕಿತು. ನೀರು ಬರಲಿಲ್ಲ. ಆಮೇಲೆ ಅವನಿಗೆ ಯಾರೂ ಬೆಂಕಿಕಡ್ಡಿ ಸಹ ಕೊಡಲಿಲ್ಲ. ಈ ಸಲವೂ ಜ್ವರದಲ್ಲೇ ಊರು ತಿರುಗಿದ್ದ. "ಬರ್ತದ ಬಿಡಬೇ, ದೊಡ್ಡವರು ಮಾತು ಕೊಟ್ಟಾರ" ಎನ್ನುತ್ತಿದ್ದ.

* * *

ಯಮನಮ್ಮ ಓಡಿಬಂದಾಗ, ಓಟು ನಡೆದಿದ್ದ ಕ್ಯಾಂಪಿನ ಶಾಲೆಯ ಮುಂದೆ ಅಮರಗುಂಡಪ್ಪ ಚಹಾ ಕುಡಿಯುತ್ತಿದ್ದ.

"ಯಾವ ಮೈಲಾರಲಿಂಗಪ್ಪ?"

"ನಿಮ್ಮ ಬಾವುಟ ಹಿಡ್ಕೊಂಡು ತಿರುಗಾಂವರೀ, ಸಾವ್ಕಾರ್ರ. ಮೇಲಿನ ಓಣಿಯಾಂವ."

"ಹಾಂ, ಹಾಂ. ಟ್ರ್ಯಾಕ್ಟರ್ ಕಳಿಸ್ತೀನಿ. ಹೆಣ ಏರಿಸ್ಕೊಂಡು ಮೊದ್ಲು ಇಲ್ಲಿಗೇ ಬಾ. ನಿನ್ನ ಓಟು ಆಗ್ಲಿ, ಆಮ್ಯಾಲ ಮಣ್ಣು."

ಡ್ರೈವರ್ ಬುಡ್ಡೇಸಾಬ್ ಇಬ್ಬರು ಆಳುಗಳ ಜೊತೆ ಬಂದು ಚಟ್ಟವನ್ನು ಟ್ರೇಲರಿಗೆ ಏರಿಸಿದ. ಗಂಡನನ್ನು ಶಾಲೆಯ ಮುಂದೆ ಬಿಸಿಲಲ್ಲಿ ಬಿಟ್ಟು ಯಮನಮ್ಮ ಓಟಿನ ಪಾಳಿಯಲ್ಲಿ ನಿಂತಳು. ಅಮರಗುಂಡಪ್ಪ ಹೇಳಿದ ಗುರುತಿಗೇ ಮುದ್ರೆ ಒತ್ತಿದಳು.

ಹೊರಗೆ ಬಂದಾಗ ಟ್ರೇಲರಿನಲ್ಲಿ ಚಟ್ಟದ ಸುತ್ತ ಮಂದಿ ಕೂತಿದ್ದರು. ಓಟು ಹಾಕಿದವರನ್ನು ಕಾಲುವೆಯ ಕೆಳಗಿನ ಅವರ ಊರಿಗೆ ಬಿಟ್ಟು, ಅಲ್ಲಿಂದ ಮತ್ತೆ ಮಂದಿಯನ್ನು ತರಬೇಕಂತೆ. ಒಬ್ಬ ಬೀಡಿ ಸೇದುತ್ತ ಹೆಣದ ಕಾಲಿಗೆ ಒರಗಿಕೊಂಡಿದ್ದ. ಯಮನಮ್ಮ ಗಂಡನ ತಲೆಯ ಹತ್ತಿರ ಮುದುಡಿ ಕೂತಳು.

ಆ ಊರಲ್ಲಿ ಇಳಿದವರಿಗಿಂತ ಏರುವವರು ಹೆಚ್ಚಿದ್ದರು. ಬುಡ್ಡೇಸಾಬ್ ತಲೆ ಕೆರೆದುಕೊಂಡ.

"ಯಮನಮ್ಮ, ಓಟಿನ ಟೈಮ್ ಮುಗಿಯಾಕ ಬಂದದ. ಇವರ್ನ ಶಾಲಿಗೆ ಒಗದು ಬರ್ತೀನಿ. ಅಲ್ಲಿತನ ಹೆಣಾನ ಇಲ್ಲೇ ಇಳಿಸೋಣ."

"ಸುಡುಗಾಡು ಇಲ್ಲೇ ಅದಲ್ಲೋ ಯಪ್ಪಾ, ಈ ಏರಿ ಹಿಡ್ಕೊಂಡು ಹೋದ್ರ ಆತು!"

"ಸಾವ್ಕಾರ್ರು ಬೈತಾರವ್ವಾ."

ಆಳುಗಳು ಚಟ್ಟವನ್ನು ಕಾಲುವೆಯ ಏರಿಯ ಮೇಲೆ ಇಳಿಸಿದರು. ಅವಳು ಸೆರಗಿನಿಂದ ನೊಣ ಓಡಿಸುತ್ತ ಕೂತಳು.

ಹೊತ್ತು ಇಳಿದಾಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಯಮನಮ್ಮ ದಾರಿಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತಳು. ಬುಡ್ಡೇಸಾಬ್ ಹಾರ್ನ್ ಬಾರಿಸಿ, ಅವಳನ್ನು ಬಳಸಿಕೊಂಡು ಮುಂದೆ ಹೊಡೆದ. ಟ್ರೇಲರಿನ ತುಂಬ ಇದ್ದ, ಓಟು ಹಾಕಿ ಬಂದ ಮಂದಿಯಷ್ಟೂ ಚಟ್ಟಕ್ಕೆ ಬೆನ್ನಾಗಿ ಆ ಬದಿಯ ಭತ್ತದ ಗದ್ದೆಯತ್ತ ಮುಖ ತಿರುಗಿಸಿಕೊಂಡಿದ್ದರು.