ಅಂಜಿನಮ್ಮ ಜೀಪು ಆರಿಸಿದ್ದು

ಹಳೇ ಗಾಡಿ ಮಾರುವ ರಾಜೇಂದ್ರನ ಅಂಗಳ ನೆಲಮಂಗಲ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಲಾರಿಗಳ ಸದ್ದಿಗೆ ಅಲ್ಲಿ ಯಾರು ಮಾತಾಡಿದರೂ ಜಗಳವಾಡಿದಂತೆ ಕೇಳುತ್ತಿತ್ತು. ವಸಂತನಿಗೆ ಅದೂ ಒಳ್ಳೆಯದೇ ಆಯಿತು. ಮೆಲ್ಲಗೆ ಸುಳ್ಳು ಹೇಳಿದರೆ ಅವನ ನಾಲಿಗೆ ತಡವರಿಸುತ್ತಿತ್ತು. ಕೂಗಿ ಹೇಳುವುದೇ ಎಷ್ಟೋ ವಾಸಿ.

"ಹಸಿ ಹುಲ್ಲು ತರೋಕಾಯ್ತದೆ ಕಣವ್ವ, ಡೈರಿಗೆ ಕ್ಯಾನ್ ಸಾಗ್ಸೋಕಾಯ್ತದೆ. ನಾಲ್ಕು ಚಕ್ರಾನೂ ಎಳೀತದೆ, ಮಳೇಲಿ ಹೊಲದ ದಾರೀಲಿ ಹೂತ್ಕೊಳ್ಳಲ್ಲ."

ತಾಯಿ ಅಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಗಿಡ್ಡ ಹಸಿರು ಜೀಪನ್ನು ಒಂದು ಸುತ್ತು ಹಾಕಿದಳು. ಹೊಲ ಅವಳ ಹೆಸರಿನಲ್ಲಿದೆ, ಮನೆಯಲ್ಲಿ ನಡೆಯುವ ಮಾತೂ ಅವಳದೇ. ಅವಳು ಹೂಂ ಅನ್ನದ ವಸ್ತು ಹೊಸಿಲು ದಾಟುವುದಿಲ್ಲ. ಅದಕ್ಕೇ ವಸಂತ ಅವಳನ್ನು ಕರೆತಂದಿದ್ದ.

ಹುಲ್ಲು, ಹಾಲಿನ ಮಾತು ಪೂರಾ ಸುಳ್ಳಲ್ಲ. ಆದರೆ ಅವನ ಕಣ್ಣು ನೆಟ್ಟಿದ್ದು ಬೇರೆ ಕಡೆ. ಮೇಲುಹೊದಿಕೆ ಬಿಚ್ಚಿದರೆ ಈ ಜೀಪಿನಲ್ಲಿ ನಿಂತುಕೊಂಡೇ ಕತ್ತಲಿಗೆ ಬ್ಯಾಟರಿ ಬೆಳಕು ಬಿಡಬಹುದು. ಬಂಡೆ, ಹಳ್ಳ ಯಾವುದಕ್ಕೂ ಇಳಿಯಬೇಕಾಗಿಲ್ಲ. ಹೋದ ವರ್ಷದಿಂದ ಅವನು ಊರಿನ ಆವಲಪ್ಪನ ಗುಂಪಿನ ಜೊತೆ ಶಿವಗಂಗೆಯ ಹಿಂದಿನ ಗುಡ್ಡಗಳಿಗೆ ಕಾಡುಹಂದಿ ಬೇಟೆಗೆ ಹೋಗುತ್ತಿದ್ದ. ಮನೆಯಲ್ಲಿ ಮಾತ್ರ ಸೋಂಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಓಟಿ ಎನ್ನುತ್ತಿದ್ದ. ಫಾರೆಸ್ಟಿನವರ ಭಯ ಇಲ್ಲದಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಈಗ ಜೀಪಿನ ಟೈರನ್ನು ಬೆರಳಿನಿಂದ ಒತ್ತಿ ನೋಡುತ್ತಿತ್ತು.

ಅವನಪ್ಪ ಸೊಣ್ಣಪ್ಪ ಸತ್ತಿದ್ದೇ ಬೇಟೆಯಲ್ಲಿ ಹಂದಿ ತೊಡೆ ಸೀಳಿ. ತಿಥಿಯ ದಿನ ಅಂಜಿನಮ್ಮ ಮಗನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಬೇಟೆಯ ಹೆಸರೆತ್ತುವುದಿಲ್ಲ ಎಂದು ಆಣೆ ಮಾಡಿಸಿದ್ದಳು. ಅಂದು ಅವನು ಗೊಳೋ ಎಂದು ಅತ್ತು ಆಣೆ ಇಟ್ಟಿದ್ದ. ಆವಲಪ್ಪ ಕರೆದ ದಿನ ಆ ಆಣೆ ಚೆನ್ನಾಗಿಯೇ ನೆನಪಾಗಿತ್ತು. ಆದರೂ ಹೋದ.

"ನೋಡಿ ಅಮ್ಮ, ಈ ಮಾಡಲ್ಲು ಸಿಗೋದೇ ಕಷ್ಟ. ಶಿಕಾರಿ ಹುಚ್ಚಿರೋರಂತೂ ಹುಡುಕ್ಕೊಂಡು ಬಂದು..." ಎಂದು ರಾಜೇಂದ್ರ ಶುರು ಮಾಡಿದ.

ವಸಂತನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಕೆಮ್ಮುತ್ತಲೇ ಬಾನೆಟ್ ಎತ್ತಿಸಿದ, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ಕೇಳಿದ. ರಾಜೇಂದ್ರ ವ್ಯಾಪಾರಿ. ಗಿರಾಕಿಯ ಕೆಮ್ಮಿಗೆ ಅರ್ಥ ಹುಡುಕಲು ಅವನಿಗೆ ಕಲಿಸಬೇಕಾಗಿರಲಿಲ್ಲ. ಗೊಬ್ಬರದ ಮೂಟೆಯ ಕಡೆಗೆ ಮಾತು ಹೊರಳಿಸಿದ. ಅಂಜಿನಮ್ಮನಿಗೆ ಕೇಳಿಸಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

"ಓಡ್ಸಿ ತೋರ್ಸು," ಎಂದಳು.

ಹಿಂದಿನ ಒಣಗಿದ ಕೆರೆಯಂಗಳಕ್ಕೆ ಜೀಪು ಇಳಿಯಿತು. ವಸಂತನೇ ಓಡಿಸಿದ, ಕೊರಕಲು ಹತ್ತಿಸಿದ, ಕಲ್ಲುಗುಪ್ಪೆಯ ಮೇಲೆ ಏರಿಸಿದ. ಖುಷಿ ತಡೆಯಲಾಗದೆ ಚಿಕ್ಕ ಹುಡುಗನ ಹಾಗೆ ನಕ್ಕೇಬಿಟ್ಟ. ಪಕ್ಕದಲ್ಲಿ ಅವ್ವ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದು ಕೈಯಲ್ಲಿ ಅವನ ತೋಳನ್ನೂ ಹಿಡಿದಿದ್ದಳು. ಆ ಹಿಡಿತ ಮೈಗೆ ತಾಗಿದಾಗ ಅವನ ನಗು ಇಳಿಯಿತು. ಹೆತ್ತವಳ ಕಣ್ಣಿಗೆ ಮಣ್ಣೆರಚಿ ತಾನೊಬ್ಬ ಗಂಡಸು ಎಂದು ಓಡಾಡುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಹೇಳಿಬಿಡಲೇ ಎಂದುಕೊಂಡ. ಜೀಪು ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದು ಸುಮ್ಮನಾದ.

ಅಂಗಳಕ್ಕೆ ವಾಪಸು ಬಂದದ್ದೇ ಅಂಜಿನಮ್ಮ ಇಳಿದು ಹಿಂದಕ್ಕೆ ಹೋದಳು.

"ಇದನ್ನ ತೆಗ್ಯಪ್ಪ."

ರಾಜೇಂದ್ರ ಹಿಂಬಾಗಿಲು ತೆಗೆದ. ಅಕ್ಕಪಕ್ಕದ ಸೀಟುಗಳನ್ನು ಮೇಲಕ್ಕೆ ಮಡಚಿ, "ಎಷ್ಟು ಬೇಕಾದ್ರೂ ಹುಲ್ಲು ತುಂಬಿ ಅಮ್ಮ," ಎಂದ.

"ವಸಂತ, ಹತ್ತು. ಮಲಕ್ಕೊ."

"ಏನವ್ವ?"

"ಮಲಕ್ಕೋ ಅಂದೆ ಕಣ್ಲಾ. ಅಂಗಾತ."

ರಾಜೇಂದ್ರ ನಕ್ಕ. ವಸಂತನೂ ನಗಲು ನೋಡಿದ. ಅವ್ವ ನಗಲಿಲ್ಲ. ಅವನು ಹತ್ತಿ ಕಬ್ಬಿಣದ ಹಲಗೆಯ ಮೇಲೆ ಬೆನ್ನು ಚಾಚಿದ. ತಲೆ ಮುಂದಿನ ಸೀಟಿಗೆ ಒತ್ತಿತು, ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ಹೊರಗೆ ನೇತಾಡಿದವು. ಅಂಜಿನಮ್ಮ ಆ ಕಾಲುಗಳನ್ನೇ ನೋಡುತ್ತಾ ನಿಂತಳು. ರಾಜೇಂದ್ರನಿಗೆ ಏನೋ ಅನುಮಾನವಾಗಿ, ಫೋನು ಬಂದವನ ಹಾಗೆ ಅತ್ತ ಸರಿದ.

"ಬೇಟೇಲಿ ಸತ್ತೋನ ಮನೆಗೂ ಒಂದು ಪಾಲು ಕಳಿಸ್ಬೇಕು ಅನ್ನೋದು ಆವಲಪ್ಪನ ಗುಂಪಿನ ಕಟ್ಟಳೆ," ಎಂದಳು. "ನಿಮ್ಮಪ್ಪ ಹೋದಾಗಿಂದ ಮುತ್ತುಗದ ಎಲೇಲಿ ಒಂದು ಪೊಟ್ಟಣ ಬಾಡು ಬರ್ತಿತ್ತು. ಹೋದ್ ವರ್ಷದಿಂದ ಎರಡು ಬರ್ತಾವೆ."

ನನ್ನ ಪಾಲು ಬೇಡ ಎಂದು ವಸಂತ ಆವಲಪ್ಪನಿಗೆ ಮೊದಲ ದಿನವೇ ಹೇಳಿದ್ದ. ಮುದುಕ ಆಗಲಿ ಎಂದಿದ್ದ. ಬೇಟೆಯಾಡಿದವನ ಪಾಲನ್ನು ಇನ್ನೊಬ್ಬ ತಿನ್ನಬಾರದು, ಅದು ಅವನ ಮನೆಗೇ ಸೇರಬೇಕು ಎನ್ನುವಂಥವನು ಆವಲಪ್ಪ ಎಂಬುದು ಇವನಿಗೆ ಹೊಳೆದಿರಲಿಲ್ಲ.

"ಅವ್ವ, ನಾನು..."

"ಎರಡನ್ನೂ ನಾನೇ ಬೇಯ್ಸಿ ಇಕ್ಕಿದೀನಿ. ಪೇಟೆಯಿಂದ ತಂದ್ಯಾ ಅಂತ ಕೇಳ್ಕೊಂಡು ತಿಂದೆ ನೀನು."

ಅವನಿಗೆ ಏಳಬೇಕೆನಿಸಿತು. ಏಳಲು ಆಗಲಿಲ್ಲ. ಆಣೆ ಇಟ್ಟ ಕೈ ಎದೆಯ ಮೇಲೆ ಭಾರವಾಗಿತ್ತು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದ. ಅವಳು ನೇತಾಡುತ್ತಿದ್ದ ಅವನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮಪ್ಪನ್ನ ಗೂಡ್ಸ್ ಆಟೋದಲ್ಲಿ ಹಾಕಿದ್ರು. ಎತ್ತರದ ಆಳು, ಕಾಲು ಹಿಂಗೇ ಹೊರಗೆ. ಆಸ್ಪತ್ರೆ ಗಂಟ ಹಿಡ್ಕೊಂಡು ಕೂತಿದ್ದೆ. ದಾರೀಲೇ ತಣ್ಣಗಾದ್ವು."

ವಸಂತ ಅಳುತ್ತಿದ್ದ. "ಇನ್ಮೇಲೆ ಹೋಗಲ್ಲ ಅವ್ವ. ಈಗ್ಲೇ ಬೇಕಾದ್ರೆ ಆಣೆ..."

"ಬೇಡ. ನಿನ್ನ ಆಣೆ ನೋಡಿದೀನಿ." ಅವಳು ಪಾದಗಳನ್ನು ಬಿಟ್ಟು, ರಾಜೇಂದ್ರನ ಕಡೆ ತಿರುಗಿ ಲಾರಿಗಳ ಸದ್ದಿನ ಮೇಲೆ ಕೂಗಿದಳು.

"ಇದು ಗಿಡ್ಡ ಆಯ್ತು ಕಣಪ್ಪ! ನನ್ನ ಮಗ ಕಾಲು ಚಾಚಿ ಮಲಗೋವಂಥದ್ದು ಒಂದು ತೋರ್ಸು."