ಮೃಗಾಂಕಬಾಬುವಿನ ಮೌನಕ್ಕೆ ಎಷ್ಟು ಸೆಕೆಂಡು?

1

ಎಲ್ಲಿಂದ ಶುರು ಮಾಡಲಿ? ಕೋಲ್ಕತ್ತಾದಿಂದ ಹೊರಟರೆ ಐವತ್ತೆರಡು ವರ್ಷ ದಾಟಿ ಟೆಕ್ಸಸ್ ತಲುಪಬೇಕು, ಅಷ್ಟು ಹೊತ್ತು ನೀವು ಕೂರುವುದಿಲ್ಲ. ಹ್ಯೂಸ್ಟನ್‌ನಿಂದ ಹೊರಟರೆ ಈ ಮುದುಕ ಯಾರು ಅನ್ನುತ್ತೀರಿ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ಮೃಗಾಂಕ ಭಾದುಡಿ, ಎಪ್ಪತ್ತೇಳು ವರ್ಷ, ಬಂಗಾಳಿ ನಟ. ಮೊದಲು ನಾಟಕದಲ್ಲಿ ಈಟಿ ಹಿಡಿದು ನಿಂತ ಸೈನಿಕ. ಆಮೇಲೆ ಸಿನಿಮಾದಲ್ಲಿ ಪೋಸ್ಟ್‌ಮ್ಯಾನ್, ಡಾಕ್ಟರ್, ನಾಯಕಿಯ ಅಪ್ಪ, ಮತ್ತೆ ನಾಯಕಿಯ ಅಪ್ಪ. ನಲವತ್ತೊಂದು ಸಿನಿಮಾಗಳಲ್ಲಿ ಸತ್ತಿದ್ದಾರೆ. ಜನ ನೆನಪಿಟ್ಟುಕೊಂಡಿದ್ದು ಮಾತ್ರ ಒಂದು ನಾಟಕವನ್ನು. ಅದರಲ್ಲಿ ಅವರು ಜಡ್ಜ್. ಸ್ವಂತ ತಮ್ಮನಿಗೆ ಶಿಕ್ಷೆ ಓದುವ ಮುಂಚೆ ಸುಮ್ಮನಾಗುತ್ತಾರೆ. ಇಪ್ಪತ್ತೆರಡು ಸೆಕೆಂಡು. ಆ ಮೌನ ನೋಡಲು ಜನ ಟ್ರಾಮ್ ಹಿಡಿದು ಬರುತ್ತಿದ್ದರಂತೆ.

(ಮೌನವನ್ನು ನೋಡುವುದು ಹೇಗೆ ಎಂದು ಕೇಳಬೇಡಿ. ನಾನೂ ನೋಡಿಲ್ಲ.)

2

ಬರೆಯುತ್ತಾ ಗೊತ್ತಾಯಿತು, ಈ ಕಥೆ ಸಿದ್ಧಾರೂಢರದ್ದು. ಹುಬ್ಬಳ್ಳಿಯವರು. ತೈಲ ಕಂಪನಿಗಳ ಎನರ್ಜಿ ಕಾರಿಡಾರ್‌ನಲ್ಲಿ ಮೂವತ್ತು ವರ್ಷ ಪೈಪ್‌ಲೈನ್ ನೋಡಿಕೊಂಡು ರಿಟೈರ್ ಆದವರು. ಹ್ಯೂಸ್ಟನ್‌ನಲ್ಲಿ ಮಗಳು ಪಾರಮಿತಾಳ ಮನೆಗೆ ಬಂದಿದ್ದ ಮೃಗಾಂಕಬಾಬು ಪಕ್ಕದ ಮನೆಯ ಈ ಮನುಷ್ಯನನ್ನು ವಾಕಿಂಗ್‌ನಲ್ಲಿ ಹಿಡಿದು, ಪ್ರಾಂಪ್ಟರ್ ಆಗು ಎಂದರು. ಸೈಡ್‌ವಿಂಗ್‌ನ ಮರೆಯಲ್ಲಿ ನಿಂತು, ನಟ ಮರೆತ ಮಾತನ್ನು ಪಿಸುಗುಡುವ ಕೆಲಸ.

"ನನಗ ಬಂಗಾಳಿ ಒಂದಕ್ಷರಾನೂ ಬರೂದಿಲ್ರಿ, ದಾದಾ."

"ಅದಕ್ಕೇ ನೀನು ಬೇಕು, ಸಿದ್ದುಬಾಬು. ನಮ್ಮವರನ್ನ ಇಟ್ಟುಕೊಂಡರೆ ನನಗೆ ಮರೆವು ಅನ್ನೋದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ."

(ಇಬ್ಬರೂ ಆಡಿದ್ದು ಅರೆಬರೆ ಹಿಂದಿ. ಕನ್ನಡ ನನ್ನ ಕೊಡುಗೆ.)

ಪಾರಮಿತಾಳ ಷರತ್ತು ಸ್ಪಷ್ಟವಾಗಿತ್ತು. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್, ಮೂರು ಶೋ. ಎಲ್ಲಾದರೂ ಅಪ್ಪ ಜನರೆದುರು ಮಾತು ಮರೆತರೆ ಅಲ್ಲಿಗೆ ಸ್ಟೇಜ್ ಬಂದ್. ಕೋಲ್ಕತ್ತಾದಲ್ಲಿ ಒಮ್ಮೆ ಅವರು ಮರೆತಾಗ ಹಿಂದಿನ ಸಾಲಿನವರು ನಕ್ಕಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅವಳನ್ನು ಕಟುಕಿ ಅನ್ನಬೇಡಿ.

ಒಬ್ಬರೇ ಆಡುವಂತೆ ಮೃಗಾಂಕಬಾಬು ಆ ಜಡ್ಜ್ ನಾಟಕವನ್ನು ಮೊಟಕು ಮಾಡಿದರು. ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಮೂರು ವಾರ ಅವರು ಹೇಳಿದರು, ಇವರು ಬಂಗಾಳಿ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಬ್ಲೂಟೂತ್ ಇರಲಿಲ್ಲವೇ ಎನ್ನುವ ಜಾಣ ಓದುಗರಿಗೆ: ಇತ್ತು. ಮೃಗಾಂಕಬಾಬುವಿನ ಹಿಯರಿಂಗ್ ಏಡ್ ಜೊತೆ ಜಗಳ ಆಡಿ ಕುಂಯ್ ಅಂತು.

3

ಹ್ಯೂಸ್ಟನ್. ಜಡ್ಜ್ ಸುಮ್ಮನಾದರು. ಹತ್ತು ಸೆಕೆಂಡಿಗೇ ಸಿದ್ಧಾರೂಢರು ಹಾಳೆಯಲ್ಲಿ ಮುಂದಿನ ಮಾತಿನ ಮೇಲೆ ಬೆರಳಿಟ್ಟರು. ಅರ್ಥ ಗೊತ್ತಿಲ್ಲದವರಿಗೆ ಮೌನವೂ ಮರೆವೂ ಒಂದೇ ಥರ ಕಾಣುತ್ತವೆ. ಪಿಸುಗುಟ್ಟಿಯೇ ಬಿಟ್ಟರು.

ಮೊದಲ ಸಾಲಿನ ಪ್ರೇಕ್ಷಕರಿಗೆ ಕೇಳಿಸಲಿಲ್ಲ, ಪುಣ್ಯ. ಆದರೆ ಗ್ರೀನ್‌ರೂಮಿನಲ್ಲಿ ಮೃಗಾಂಕಬಾಬು ಕೆಂಡವಾದರು. "ಐವತ್ತು ವರ್ಷದಲ್ಲಿ ನಾನು ಕಟ್ಟಿದ್ದು ಅದೊಂದೇ. ಅದರ ಮೇಲೇ ಕಾಲಿಟ್ಟೆಯಲ್ಲೋ!"

ಸಿದ್ಧಾರೂಢರಿಗೆ ಅಳು ಬಂತು. ಕೊನೆಗೆ ಒಂದು ಸಂಕೇತ ಇಟ್ಟುಕೊಂಡರು: ನಿಜಕ್ಕೂ ಮರೆತರೆ ಎಡಗಿವಿ ಮುಟ್ಟಬೇಕು.

5

(ನಾಲ್ಕರಲ್ಲಿ ಟೆಕ್ಸಸ್ ವರ್ಣನೆ ಇತ್ತು. ಬೋರ್ ಹೊಡೆಸಿತು.)

ಡಲ್ಲಾಸ್‌ಗೆ ಹೋಗುವ ಐ-45 ಹೆದ್ದಾರಿಯ ಎರಡೂ ಬದಿ ನೀಲಿ ಹೂವು. ಸಿದ್ಧಾರೂಢರು ಡ್ರೈವ್ ಮಾಡುತ್ತಿದ್ದರು. ಮೃಗಾಂಕಬಾಬು ನಿದ್ದೆಯಲ್ಲೇ ನಾಟಕ ಆಡುತ್ತಿದ್ದರು, ಒಂದು ಮಾತೂ ತಪ್ಪದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ನಾಟಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ಈಟಿ ಹಿಡಿದ ಹುಡುಗ, ಈಟಿ ಕಿಟಕಿಯಿಂದ ಆಚೆ ಚಾಚಿತ್ತು. ಸಿದ್ಧಾರೂಢರು ಹೆದರಲಿಲ್ಲ. ಎಸಿ ಸ್ವಲ್ಪ ಕಡಿಮೆ ಮಾಡಿದರು.

(ಇವರನ್ನು ನಾನು ಹತ್ತಿಸಿಲ್ಲ. ಡಿಲೀಟ್ ಮಾಡಿದೆ, ಮತ್ತೆ ಬಂದು ಕೂತರು.)

6

ಡಲ್ಲಾಸ್. ಜಡ್ಜ್ ಸುಮ್ಮನಾದರು. ಇಪ್ಪತ್ತೆರಡು ಕಳೆಯಿತು. ಮೂವತ್ತು. ಕೈ ಕಿವಿಗೆ ಹೋಗಲಿಲ್ಲ. ನಲವತ್ತೈದಕ್ಕೆ ಮಾತು ತಾನಾಗಿ ಬಂತು, ಪಕ್ಕದ ಊರು ಕಾಪೆಲ್‌ನಿಂದ ಬಂದಿದ್ದ ಆಂಟಿಯರು ಎದ್ದು ನಿಂತು ಚಪ್ಪಾಳೆ ಹೊಡೆದರು.

"ಮರೆತಿದ್ದೆ, ಸಿದ್ದುಬಾಬು," ಎಂದರು ಕಾರಿನಲ್ಲಿ. "ಕಿವಿ ಮುಟ್ಟಬೇಕು ಅನ್ನೋದೂ ಮರೆತುಹೋಗಿತ್ತು. ಅಲ್ಲಿ ಏನೂ ಇರಲಿಲ್ಲ. ಹೆದರಿಕೆಯೂ ಇರಲಿಲ್ಲ."

ಸಿದ್ಧಾರೂಢರಿಗೆ ಮಾತ್ರ ವಿಪರೀತ ಹೆದರಿಕೆಯಾಯಿತು.

7

ಆಸ್ಟಿನ್‌ಗೆ ಒಂದು ಭವ್ಯ ಡ್ರಾಫ್ಟ್ ಬರೆದಿದ್ದೆ: ಮೌನದ ನಡುವೆಯೇ ನಟ ಸ್ಟೇಜಿನ ಮೇಲೆ ಕುಸಿದು ಸಾಯುವುದು. ಮೃಗಾಂಕಬಾಬು ಓದಿಸಿ ಕೇಳಿ ವಾಪಸ್ ಕೊಟ್ಟರು. "ನಲವತ್ತೊಂದು ಸಲ ಆಗಿದೆ. ಕ್ಯಾಮೆರಾ ಇಲ್ಲದೆ ಇನ್ನು ಸಾಯೋದಿಲ್ಲ."

ಸರಿ. ಭಾನುವಾರ ಮಧ್ಯಾಹ್ನ, ಆಸ್ಟಿನ್. ಪಾರಮಿತಾ ಮೊದಲ ಸಾಲಿನಲ್ಲಿ. ಜಡ್ಜ್ ಸುಮ್ಮನಾದರು. ಇಪ್ಪತ್ತೆರಡು. ನಲವತ್ತೈದು. ಅರವತ್ತು. ಪಾರಮಿತಾ ಅರ್ಧ ಎದ್ದಳು.

ಮುಕ್ತಾಯ ಅ: ಸಿದ್ಧಾರೂಢರು ಪಿಸುಗುಡುತ್ತಾರೆ. ಅದು ಮೌನವಾಗಿದ್ದರೆ ಕೆಡುತ್ತದೆ, ಮಗಳಿಗೂ ಕೇಳಿಸುತ್ತದೆ.

ಮುಕ್ತಾಯ ಆ: ಪಿಸುಗುಡುವುದಿಲ್ಲ. ಅದು ಮರೆವಾಗಿದ್ದರೆ...

"ಏನ್ರಿ ಕಥಿಗಾರ್ರ," ಎಂದರು ಸಿದ್ಧಾರೂಢರು, ನನ್ನ ಕಡೆ ತಿರುಗಿ. "ಮುದುಕರನ್ನ ಅಲ್ಲಿ ಒಬ್ಬರನ್ನೇ ನಿಲ್ಲಿಸಿ ನೀವು ಆಪ್ಶನ್ ಕೊಡ್ಲಿಕತ್ತೀರಿ? ಸರೀರಿ ಅತ್ತಾಗ."

ನಾನು ಬರೆಯದೇ ಇದ್ದದ್ದನ್ನು ಮಾಡಿದರು. ಹಾಳೆ ಹಿಡಿದು ಕೋರ್ಟಿನ ಗುಮಾಸ್ತನಂತೆ ಬಗ್ಗಿ ನಡೆಯುತ್ತಾ ಬೆಳಕಿಗೆ ಹೋದರು. ಜಡ್ಜ್ ಪಕ್ಕದಲ್ಲಿ ನಿಂತರು. ಕಿವಿಯಲ್ಲಿ ಹೇಳಬೇಕೆಂದು ಹಾಳೆ ನೋಡಿದರೆ ಎಲ್ಲ ಮಸುಕು. ಓದುವ ಕನ್ನಡಕ ವಿಂಗಿನ ಸ್ಟೂಲಿನ ಮೇಲೆ ಉಳಿದಿತ್ತು. ಒಬ್ಬರಿಗೆ ಕನ್ನಡ ಲಿಪಿ ಬಾರದು, ಇನ್ನೊಬ್ಬರಿಗೆ ಕಾಣದು. ಸಿದ್ಧಾರೂಢರು ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ನೋಡಿದರು.

ಮೃಗಾಂಕಬಾಬು ಹಾಳೆ ಹಿಡಿದ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ತುಟಿ ಅಲ್ಲಾಡಿಸದೆ ಹೇಳಿದರು:

"ಇನ್ನೂ ಹೊತ್ತಿದೆ, ಸಿದ್ದುಬಾಬು."

ಮಾತು ನೆನಪಿದ್ದು ಹೇಳಿದರೋ, ಇವರ ಧೈರ್ಯಕ್ಕೆ ಹೇಳಿದರೋ? ಮುಂದಿನ ವಾಕ್ಯ ಬರೆದರೆ ಇತ್ಯರ್ಥವಾಗುತ್ತದೆ. ಬರೆಯದಿರುವವರೆಗೂ ಅವರು ಏನನ್ನೂ ಮರೆತಿಲ್ಲ. ನಾನು ಬರೆಯುವುದಿಲ್ಲ, ನೀವೂ ದಯವಿಟ್ಟು ಕೆಮ್ಮಬೇಡಿ. ಪಾರಮಿತಾ ಮೆಲ್ಲಗೆ ಮತ್ತೆ ಕೂತಿದ್ದಾಳೆ.