ಗ್ರಹಕ್ಕೆ ಹೋದ ಮುಯ್ಯಾಳು

ತಾಂಡ್ಯದ ಫ್ಯಾಕ್ಟರಿ ಬಸ್ಸು ನಂಜೇಶನನ್ನು ಮೂಗೂರಿನಲ್ಲಿ ಇಳಿಸಿದಾಗ ಬಿಸಿಲು ಆಗಲೇ ಏರತೊಡಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದವನ ಕಣ್ಣಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಆದರೆ ಈ ಭಾನುವಾರಕ್ಕೆ ಅವನು ಒಂದು ತೀರ್ಮಾನ ಮಾಡಿಕೊಂಡಿದ್ದ. ಮನೆಗೆ ಹೋಗುವುದು, ಕಂಪ್ಯೂಟರ್ ಆಟದಲ್ಲಿ ಸುನೀತಾ ಮಾಡಿದ ನೆರವಿಗೆ ನೆರವು ಮಾಡಿ ಮುಯ್ಯಿ ತೀರಿಸುವುದು, ಕಂಪ್ಯೂಟರ್ ಆರಿಸಿ ಮಲಗುವುದು. ಆಮೇಲೆ ಆ ಆಟದ ಮುಖ ನೋಡುವುದಿಲ್ಲ.

ಆಟದ ಹುಚ್ಚು ಹತ್ತಿಸಿದವನು ಅವನ ಜೊತೆ ಕೆಲಸ ಮಾಡುವ ನಂಜನಗೂಡಿನ ಜಗನ್. ಜಗನ್‌ನ ಅಕ್ಕ ಸುನೀತಾ ನರಸೀಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ಅಂಗಡಿ ಬಾಗಿಲು ಹಾಕಿರುವ ಭಾನುವಾರ ಮೂವರೂ ತಮ್ಮ ತಮ್ಮ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು, ಆಟದೊಳಗಿನ ಒಂದು ದೂರದ ಗ್ರಹಕ್ಕೆ ಒಟ್ಟಿಗೆ ಹೋಗುತ್ತಿದ್ದರು. ಅಲ್ಲಿ ಎತ್ತಿನ ಗಾತ್ರದ ಕಬ್ಬಿಣದ ಹುಳುಗಳು. ಗುಂಡು ಹೊಡೆದರೆ ಹುಳು ಒಡೆದು ಏನಾದರೊಂದು ನೆಲಕ್ಕೆ ಬೀಳುತ್ತಿತ್ತು: ಬಂದೂಕು, ಬೂಟು, ಕವಚ. ಬಿದ್ದದ್ದರಿಂದ ಒಂದು ಬೆಳಕು ಏಳುತ್ತಿತ್ತು. ಬಿಳಿ ಎದ್ದರೆ ಸಾಮಾನ್ಯ, ನೇರಳೆಯಾದರೆ ಪರವಾಗಿಲ್ಲ, ಹೊಂಬಣ್ಣವಾದರೆ ಅಪರೂಪ. ಫ್ಯಾಕ್ಟರಿಯಲ್ಲಿ ಪಾಳಿಯುದ್ದಕ್ಕೂ ನಂಜೇಶನ ಕೈಯ ಮುಂದೆ ಡಬ್ಬಿಗಳು ಸಾಗುತ್ತಿದ್ದವು, ಒಂದೂ ಅವನಿಗಾಗಿ ನಿಲ್ಲುತ್ತಿರಲಿಲ್ಲ. ಗ್ರಹದಲ್ಲಿ ಬಿದ್ದದ್ದು ಅವನಿಗೇ ಬೀಳುತ್ತಿತ್ತು.

ಅವನ ತಾಯಿ ಗುರುಬಸಮ್ಮ ಒಮ್ಮೆ ಹಿಂದೆ ನಿಂತು ನೋಡಿ, "ಇದು ಹಕ್ಕಲು ಆಯೋದು ಕಣ್ಲಾ ಮಗ," ಎಂದಿದ್ದಳು. "ಕುಯ್ಲಾದ ಗದ್ದೇಲಿ ಉದುರಿದ ತೆನೆ ಆಯೋಕೆ ಓಗ್ತಿದ್ವಲ್ಲ, ಅಂಗೇ. ಇನ್ನೊಂದು ಸಿಕ್ತದೆ, ಇನ್ನೊಂದು ಸಿಕ್ತದೆ ಅಂತ, ಸೊಂಟ ಬಿದ್ದೋದ್ರೂ ಏಳೋ ಮನ್ಸಾಗಕಿಲ್ಲ."

ಈಚೆಗೆ ಹೊಂಬಣ್ಣ ಕಂಡರೂ ಅವನ ಎದೆ ಹಾರುತ್ತಿರಲಿಲ್ಲ. ಚೀಲದಲ್ಲಿ ಜಾಗ ಸಾಲದೆ ಹೊಸದನ್ನು ತುಂಬಲು ಹಳೆಯದನ್ನು ಒಡೆದು ಹಾಕುವುದೇ ಒಂದು ಕೆಲಸವಾಗಿತ್ತು. ಆಟ ಬಿಡಬೇಕೆಂದರೆ ಸುನೀತಾಳ ಋಣ ಅಡ್ಡ ನಿಂತಿತ್ತು. ಕೊನೆಯ ಕೋಟೆಯಲ್ಲಿ ಮಾತ್ರ ಬೀಳುವ ಒಂದು ಹೊನ್ನಿನ ಟೋಪಿಗಾಗಿ ಅವನು ಹಂಬಲಿಸಿದ್ದಾಗ, ಅವಳು ವಾರ ವಾರವೂ ನೆರವಿಗೆ ಬಂದು ನಿಂತಿದ್ದಳು. ಈಗ ಅವಳಿಗೆ ಅದೇ ಕೋಟೆಯ ಬಿಲ್ಲು ಬೇಕಿತ್ತು. ವಾರಕ್ಕೆ ಒಂದೇ ಸಲ ಗೆಲ್ಲಬಹುದಾದ ಕೋಟೆ ಅದು. ಇವತ್ತು ಬಂದೇ ಬರುತ್ತೇನೆಂದು ನಂಜೇಶ ಮಾತು ಕೊಟ್ಟಿದ್ದ.

ಮನೆಯ ಜಗಲಿಯಲ್ಲಿ ಅಪ್ಪ ಪುಟ್ಟಬಸವಯ್ಯ ಕಾಲು ಚಾಚಿ ಕೂತಿದ್ದ. ಮಂಡಿಗೆ ಹುಣಸೆಹಣ್ಣು ಉಪ್ಪಿನ ಪಟ್ಟು. ಪಕ್ಕದಲ್ಲಿ ನೆರೆಗದ್ದೆಯ ರಂಗಸ್ವಾಮಿ.

"ಬಾರಪ್ಪ, ನಿನ್ನೇ ಕಾಯ್ತಿದ್ದೆ," ಎಂದ ರಂಗಸ್ವಾಮಿ. "ನಿಮ್ಮಪ್ಪ ನನ್ ಗದ್ದೆ ಬದಿನ ಮ್ಯಾಲೆ ಕುಣಿಯೋಕೋಗಿ ಮಂಡಿ ಉಳುಕಿಸ್ಕೊಂಡವ್ನೆ."

"ಕುಣಿದ್ನಂತೆ! ನಿನ್ ಬದು ನೆಟ್ಗಿದ್ದಿದ್ರೆ ನಾನ್ಯಾಕ್ಲಾ ಜಾರ್ತಿದ್ದೆ?" ಎಂದ ಪುಟ್ಟಬಸವಯ್ಯ, ಮಗನ ಕಡೆ ತಿರುಗಿದ. "ನಮ್ ನಾಟಿಗೆ ಇವ್ನೂ ಇವ್ನ ಹೆಂಡ್ರೂ ಇಬ್ರೂ ಬಂದಿದ್ರು. ಇವತ್ತು ಇವ್ನ ನಾಟಿ, ನಾವು ಇಬ್ರು ಮುಯ್ಯಾಳು ಓಗ್ಬೇಕು. ನಿಮ್ಮವ್ವ ಆಗ್ಲೇ ಗದ್ದೆಗೋದ್ಲು. ಪೈರು ಸಾಗ್ಸೋಕೆ ಗಂಡಾಳು ಒಬ್ಬ ಬೇಕು ಕಣ್ಲಾ."

ನಂಜೇಶ ಚಪ್ಪಲಿ ಬಿಡದೆ ನಿಂತ. "ನನಗೂ ಇವತ್ತು ಒಂದು ಮುಯ್ಯಿ ಅದೆ ಅಪ್ಪ."

"ಯಾರ ಗದ್ದೆ?"

ಅವನು ಒಳಗಿನ ಕಂಪ್ಯೂಟರ್ ಕಡೆ ನೋಡಿದ. ರಂಗಸ್ವಾಮಿ ಗಹಗಹಿಸಿದ. "ಓ, ಗುಂಡು ಒಡೆಯೋ ಗದ್ದೆಯಾ! ಎಷ್ಟು ಎಕ್ರೆ ಅದೆ?"

ಕಾಫಿ ತಂದ ಹೆಂಡತಿ ಗಾನವಿ ಲೋಟವನ್ನು ಗಂಡನ ಕೈಗಿಟ್ಟಳು. "ಇವ್ರ ನಿದ್ದೆ ಯಾರ ಗದ್ದೇಲಿ ಬೆಳೀತದೋ," ಎಂದಳು.

ಪುಟ್ಟಬಸವಯ್ಯ ನಗಲಿಲ್ಲ. "ಮಾತು ಕೊಟ್ಟಿದ್ದೀಯಾ?"

"ಊಂ."

"ಏನು ಕೆಲ್ಸ?"

"ಮೂರು ಕಲ್ಲವೆ. ಒಂದೊಂದರ ಮೇಲೆ ಒಬ್ಬೊಬ್ರು ನಿಂತ್ರೇ ಕೋಟೆ ಬಾಗ್ಲು ತೆರೀತದೆ. ನಾನು ಹೊರಗಡೆ ಕಲ್ಲಿನ ಮೇಲೆ ನಿಂತೇ ಇರ್ಬೇಕು. ಹುಳ ಬಂದ್ರೆ ಹೊಡೀಬೇಕು."

ಪುಟ್ಟಬಸವಯ್ಯ ಮಂಡಿ ನೀವಿಕೊಂಡ. "ನಿಲ್ಲೋದು ತಾನೇ? ನಾನ್ ನಿಲ್ತೀನಿ. ನನ್ ಬದ್ಲು ನೀನು ಗದ್ದೆಗೋಗು, ನಿನ್ ಬದ್ಲು ನಾನು ಅಲ್ಲಿಗೆ. ಆಳಿಗೆ ಆಳು."

"ಮಂಡಿ ಮುರ್ಕೊಂಡವ್ನು ನಿಲ್ತಾನಂತೆ!" ಎಂದ ರಂಗಸ್ವಾಮಿ.

ವಾದಿಸುವ ಶಕ್ತಿ ನಂಜೇಶನಲ್ಲಿ ಇರಲಿಲ್ಲ. ಅಪ್ಪನನ್ನು ಕುರ್ಚಿಗೆ ಕೂರಿಸಿ, ಕಾಲ ಕೆಳಗೆ ಮಣೆ ಇಟ್ಟು, ಎರಡು ಕೈಗೂ ಕಂಟ್ರೋಲರ್ ಕೊಟ್ಟು, ತಿರುಗುವುದು ಇದು, ಹೊಡೆಯುವುದು ಇದು ಎಂದು ತೋರಿಸಿದ. ಸ್ಪೀಕರಿನಿಂದ ಜಗನ್‌ನ ದನಿ ಬಂತು: "ಲೇ ನಂಜೇಶ, ಎಲ್ ಸತ್ತೋಗಿದ್ಯೋ?"

"ನಾನು ಅವನಪ್ಪ ಕಣಯ್ಯ," ಎಂದ ಪುಟ್ಟಬಸವಯ್ಯ.

ಆ ಕಡೆಯ ದನಿ ಮೆತ್ತಗಾಯಿತು. "ನಮಸ್ಕಾರ ಸಾ."

ಸುನೀತಾ ನಗುತ್ತಿದ್ದಳು. "ಬನ್ನಿ ಯಜಮಾನ್ರೇ. ಕಲ್ಲು ಬಿಟ್ಟು ಇಳೀಬೇಡಿ, ಅಷ್ಟೇ."

ರಂಗಸ್ವಾಮಿಯ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು. ಗುರುಬಸಮ್ಮ ತಲೆ ಎತ್ತಿ ಮಗನನ್ನು ನೋಡಿದಳು, ಮತ್ತೆ ಬಗ್ಗಿದಳು. ಸಸಿಮಡಿಯಿಂದ ಪೈರಿನ ಕಟ್ಟು ಹೊತ್ತು ತರುವುದು, ನೆಡುವವರ ಹಿಂದೆ ಎಸೆಯುವುದು, ಖಾಲಿ ಕೈಯಲ್ಲಿ ವಾಪಸು ಹೋಗುವುದು. ಕಟ್ಟಿನ ನೀರು ಬೆನ್ನಿಗೆ ಇಳಿಯುತ್ತಿತ್ತು. ಕೆಸರು ಪ್ರತಿ ಹೆಜ್ಜೆಯನ್ನೂ ಹಿಡಿದುಕೊಂಡು ಯೋಚಿಸಿ ಬಿಡುತ್ತಿತ್ತು. ನಿಂತಲ್ಲೇ ಕಣ್ಣು ಮುಚ್ಚಿದಾಗ ಅವನಿಗೆ ನೀರಿನಲ್ಲಿ ಬಿದ್ದ ಕಟ್ಟುಗಳಿಂದ ನೇರಳೆ ಬೆಳಕು ಎದ್ದಂತೆ ಕಂಡಿತು. ಕಣ್ಣು ಬಿಟ್ಟರೆ ಹಸಿರು ಪೈರು.

"ನಿದ್ದೆ ಮಾಡ್ತಾ ನಡೀತವ್ನೆ ನೋಡ್ರೇ," ಎಂದು ಯಾರೋ ನಕ್ಕರು.

ಊಟದ ಹೊತ್ತಿಗೆ ಮನೆಗೆ ಬಂದಾಗ ಬಾಗಿಲಲ್ಲೇ ಅಪ್ಪನ ದನಿ ಕೇಳಿತು. "ಎಡಕ್ಕೆ ಕಣವ್ವ, ಎಡಕ್ಕೆ! ನಿನ್ ಬೆನ್ನಿಂದೆ ಬತ್ತಾ ಅದೆ!"

ಗಾನವಿ ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ನೋಡುತ್ತಿದ್ದಳು. "ಆಟದಲ್ಲಿ ಮೂರೂ ಜನ ಎಷ್ಟು ಸಲ ಸತ್ತು ಎದ್ರೋ ಲೆಕ್ಕ ಇಲ್ಲ. ಮಾವ ಮಾತ್ರ ಸತ್ರೂ ಕಲ್ಲು ಬಿಡ್ಲಿಲ್ಲ."

"ನಿಮ್ಮ ಮಗ ನೀರು ಕುಡೀತೀನಿ ಅಂತ ಎದ್ದೋಗ್ತಿದ್ದ ಸಾ," ಎಂದಿತು ಜಗನ್‌ನ ದನಿ.

ತೆರೆಯ ಮೇಲೆ ಕೋಟೆಯ ದೊಡ್ಡ ಹುಳು ಮೊಣಕಾಲೂರಿತು, ಮಗುಚಿ ಬಿತ್ತು. ಪುಟ್ಟಬಸವಯ್ಯನ ಕಲ್ಲಿನ ಮುಂದೆ ಹೊಂಬಣ್ಣದ ಬೆಳಕು ಎದ್ದಿತು. ಅದರ ನಡುವೆ ಬಿಲ್ಲು ನಿಧಾನವಾಗಿ ತಿರುಗುತ್ತಿತ್ತು.

"ನನಗೆ ಬೂಟು," ಎಂದಳು ಸುನೀತಾ. "ನಿಮಗೆ?"

"ಬಿಲ್ಲು ಬಿದ್ದದೆ ಕಣವ್ವ! ತಕ್ಕೋ ಬಾ."

ನಂಜೇಶನೇ ಹೇಳಬೇಕಾಯಿತು. "ಕೊಡೋಕಾಗಕಿಲ್ಲ ಅಪ್ಪ. ಅವ್ರ ಕಣ್ಣಿಗೆ ಅದು ಕಾಣೋದೇ ಇಲ್ಲ. ಯಾರಿಗೆ ಬೀಳ್ತದೋ ಅವ್ರಿಗೇ."

"ಎಂಥ ಊರ್ಲಾ ಇದು," ಎಂದ ಪುಟ್ಟಬಸವಯ್ಯ.

"ಪರವಾಗಿಲ್ಲ ಬಿಡಿ ಯಜಮಾನ್ರೇ," ಎಂದಳು ಸುನೀತಾ. ದನಿಯಲ್ಲಿ ನಗು ಉಳಿದಿರಲಿಲ್ಲ. "ಬಂದು ನಿಂತ್ರಲ್ಲ. ನಂಜೇಶಣ್ಣನ ಮುಯ್ಯಿ ತೀರ್ತು."

ನಂಜೇಶ ಉಸಿರು ಬಿಟ್ಟ. ಪುಟ್ಟಬಸವಯ್ಯ ಕುರ್ಚಿಯಲ್ಲೇ ಅವನ ಕಡೆ ತಿರುಗಿದ. "ಅವಳು ನಿನ್ ಟೋಪಿ ಬೀಳೋ ಗಂಟ ನಿಂತಿದ್ಲಾ?"

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಕಾಲಿನ ಕೆಸರು ಒಣಗಿ ಚರ್ಮ ಬಿಗಿಯುತ್ತಿತ್ತು.

"ನಿಂತಿದ್ಲು."

"ಮತ್ತೆ? ಅರ್ಧ ಗದ್ದೆ ನೆಟ್ಟು ಮುಯ್ಯಿ ತೀರ್ತು ಅಂತ ಮನೆಗೋಗ್ತಾರೇನ್ಲಾ?" ಅವನು ಮೈಕಿಗೆ ಬಾಗಿದ. "ಬರೋ ಭಾನುವಾರ ಬತ್ತೀವಿ ಕಣವ್ವ. ನಿಂಗೆ ಬೀಳೋ ಗಂಟ."

"ನೀವೇ ಬತ್ತೀರಾ?"

"ಮಂಡಿ ನೆಟ್ಗಾದ್ರೆ ನಂಗೆ ಗದ್ದೆ ಅದೆ. ಇವ್ನು ಬತ್ತಾನೆ."

ಗಾನವಿ ಒಳಗೆ ಹೋಗಿ ತಟ್ಟೆಗೆ ಮುದ್ದೆ ಹಾಕಿದಳು. ನಂಜೇಶ ಗೋಡೆಗೆ ಒರಗಿ ಉಂಡ. ತೆರೆಯ ಮೇಲೆ ಬಿಲ್ಲು ಇನ್ನೂ ತಿರುಗುತ್ತಲೇ ಇತ್ತು.

"ಎತ್ಕೊಳ್ಲಾ ಅದನ್ನ. ಬಿದ್ದ ತೆನೆ ಬಿಟ್ಟು ಬರಬಾರ್ದು," ಎಂದ ಪುಟ್ಟಬಸವಯ್ಯ.

ನಂಜೇಶ ಕೈ ತೊಳೆದು ಬಂದು ಒತ್ತಿದ. ಚೀಲ ತುಂಬಿದೆ ಎಂದಿತು. ಒಂದನ್ನು ಒಡೆಯಬೇಕು. ಅವನು ಒಂದೊಂದಾಗಿ ಕೆಳಗೆ ಸರಿಸುತ್ತಾ ಹೋದ. ಎಲ್ಲಕ್ಕಿಂತ ತಳದಲ್ಲಿ ಹೊನ್ನಿನ ಟೋಪಿ ಇತ್ತು. ಅದನ್ನು ತೊಟ್ಟು ಬಹಳ ಕಾಲವಾಗಿತ್ತು. ಟೋಪಿಯನ್ನು ಒಡೆದ, ಬಿಲ್ಲನ್ನು ಎತ್ತಿಕೊಂಡ.

ಬೀದಿಯಿಂದ ರಂಗಸ್ವಾಮಿ ಕೂಗಿದ. ಇನ್ನೂ ಅರ್ಧ ಗದ್ದೆ ಉಳಿದಿತ್ತು. ನಂಜೇಶ ಪಂಚೆ ಮೇಲಕ್ಕೆ ಕಟ್ಟಿಕೊಂಡು ಹೊರಟ.